ದಿನಕ್ಕೆ ನಾಲ್ಕು ಮನೆ

ಸಾವಾದ ಮನೆಗೆ ಪ್ರಶ್ನೆ ಕೇಳಲು ಹೋಗುವವರಿಗೆ ನಾನು ಮೊದಲು ಹೇಳಿಕೊಡುವುದು ಚಪ್ಪಲಿಯ ವಿಷಯ. ಹೊಸ್ತಿಲಿನಿಂದ ಸ್ವಲ್ಪ ದೂರ, ಬೀದಿಯ ಕಡೆ ಮುಖ ಮಾಡಿ ಬಿಡಬೇಕು. ಮನೆಯವರು ಅದನ್ನು ನೋಡುತ್ತಾರೆ. ಏಳಿ ಎಂದರೆ ಎದ್ದು ಹೋಗುವವರು ಇವರು ಎಂಬುದು ಮಾತಿಲ್ಲದೆ ಅವರಿಗೆ ತಿಳಿಯುತ್ತದೆ. ಕೊಟ್ಟ ನೀರನ್ನು ಕುಡಿಯಬೇಕು, ಬಾಟಲಿ ಹೊರಗೆ ತೆಗೆಯಬಾರದು. ಇನ್ನು ಟ್ಯಾಬನ್ನು ಚೀಲದಿಂದ ತೆಗೆಯುವ ಮೊದಲು ತೀರಿಕೊಂಡವಳ ಹೆಸರನ್ನು ಒಮ್ಮೆ ಬಾಯಿ ತುಂಬ ಹೇಳಬೇಕು. ಹೆಸರು ಕೇಳಿದ ಕೂಡಲೇ ಯಾರೋ ಒಬ್ಬರು ಒಳಗಿನಿಂದ ಎದ್ದು ಬರುತ್ತಾರೆ. ನೀವು ಮಾತಾಡಬೇಕಾದವರು ಅವರೇ, ಮುಂದೆ ಕುರ್ಚಿ ಹಾಕಿಕೊಂಡು ಕೂತ ಗಂಡಸಲ್ಲ.

ಇದನ್ನೆಲ್ಲ ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಆದೋನಿಯ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುತ್ತಿದ್ದವಳು ನಾನು. ಮದುವೆಯಾದ ಮೇಲೆ ಸೀರೆ ಗಂಟು ಹೊತ್ತು ಹಳ್ಳಿ ತಿರುಗಿದೆ. ಗೋನೆಗಂಡ್ಲದ ಕಡೆ ಯಾವ ಓಣಿಯಲ್ಲಿ ತೆಲುಗಿನಲ್ಲಿ ಮಾತು ಶುರು ಮಾಡಬೇಕು, ಹೊಳಗುಂದದ ಕಡೆ ಯಾವ ಕಟ್ಟೆಯ ಮೇಲೆ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸಬೇಕು ಎಂಬುದು ನನ್ನ ಕಾಲಿಗೆ ಗೊತ್ತು. ಗಂಟು ಹೊರುತ್ತಲೇ ಅಂಚೆ ಮೂಲಕ ಬಿ.ಎ. ಮುಗಿಸಿದೆ. ಒಮ್ಮೆ ಹೈದರಾಬಾದಿನಿಂದ ಸರ್ವೆ ಮಾಡುವವರು ಬಂದು ದಾರಿ ತೋರಿಸಲು ಒಬ್ಬ ಹೆಂಗಸು ಬೇಕೆಂದರು. ದಾರಿ ತೋರಿಸಲು ಹೋದವಳು ಪ್ರಶ್ನೆ ಕೇಳುವವಳಾದೆ, ಪ್ರಶ್ನೆ ಕೇಳುವವಳು ಕೆಲವು ವರ್ಷಗಳಲ್ಲಿ ಸೂಪರ್‌ವೈಸರ್ ಆದೆ. ಈ ದಾರಿಯಲ್ಲಿ ನನಗೆ ಯಾರೂ ಏನನ್ನೂ ಸುಮ್ಮನೆ ಕೊಡಲಿಲ್ಲ. ಜೀಪು, ಊಟದ ಹೊತ್ತು, ಭಾನುವಾರದ ರಜೆ, ಎಲ್ಲವನ್ನೂ ಚೌಕಾಸಿ ಮಾಡಿಯೇ ತೆಗೆದುಕೊಂಡೆ.

ಈಗ ಹೇಳುತ್ತಿರುವ ಅಧ್ಯಯನ ಹೆರಿಗೆಯಲ್ಲಿ, ಇಲ್ಲವೇ ಅದರ ಹಿಂದುಮುಂದಿನ ದಿನಗಳಲ್ಲಿ ತೀರಿಕೊಂಡ ಹೆಣ್ಣುಮಕ್ಕಳದು. ಅವರ ಮನೆಗೆ ಹೋಗಿ, ನೋವು ಎಷ್ಟು ಹೊತ್ತಿಗೆ ಶುರುವಾಯಿತು, ಯಾರಿಗೆ ಮೊದಲು ಹೇಳಿದಳು, ಗಾಡಿ ಯಾವಾಗ ಬಂತು, ದಾರಿಯಲ್ಲಿ ಏನಾಯಿತು ಎಂದು ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಇಂಥ ಸಾವುಗಳು ಹೇಗೆ ಆಗುತ್ತವೆ ಎಂದು ತಿಳಿದರೆ ಮುಂದಿನವರನ್ನು ಉಳಿಸಬಹುದು. ಅದು ಒಳ್ಳೆಯ ಕೆಲಸ ಎಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ.

ಅಧ್ಯಯನ ನಡೆಸುತ್ತಿದ್ದ ಮೇಡಂ ದಿನಕ್ಕೆ ಎರಡು ಮನೆ ಸಾಕು ಎಂದಿದ್ದರು. ನನಗೆ ಒಳಗೊಳಗೇ ನಗು ಬಂತು. ಹತ್ತಿ ಬಿಡಿಸುವುದು ಶುರುವಾದರೆ ಮನೆಯಲ್ಲಿ ನಾಯಿಯೂ ಸಿಗುವುದಿಲ್ಲ, ಅಷ್ಟರೊಳಗೆ ಮುಗಿಯಬೇಕಾದರೆ ನಾಲ್ಕು ಮಾಡಬೇಕು, ಮಾಡಿಸುತ್ತೇನೆ ಎಂದೆ. ಅವರು ಮೂರು ಎಂದರು. ನಾನು ಜಗ್ಗಲಿಲ್ಲ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ ನಾಲ್ಕಕ್ಕೆ ಒಪ್ಪಿಸಿದೆ. ಆ ದಿನ ಮನೆಗೆ ಹೋಗುವಾಗ ಏನೋ ಗೆದ್ದವಳಂತೆ ಹೋದೆ. ಜೀವನದಲ್ಲಿ ನಾನು ಮಾಡಿದ ಅತಿ ಕೆಟ್ಟ ಚೌಕಾಸಿ ಅದು. ಎದುರಿನವರು ಕಡಿಮೆ ಕೇಳುತ್ತಿರುವಾಗ ನಾನೇ ಹೆಚ್ಚಿಗೆ ಒಪ್ಪಿಸಿ ಬಂದಿದ್ದೆ.

ನನ್ನ ಕೈಕೆಳಗೆ ಇಬ್ಬರು ಹುಡುಗಿಯರಿದ್ದರು. ಮೂವರೂ ಮನೆಗಳನ್ನು ಹಂಚಿಕೊಂಡು ಹೋಗುತ್ತಿದ್ದೆವು. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು. ಒಂದು ಮನೆಯಿಂದ ಎದ್ದು ಜೀಪು ಹತ್ತಿ, ಹುರಿದ ಶೇಂಗಾ ತಿನ್ನುತ್ತ ಇನ್ನೊಂದು ಮನೆಗೆ. ಅಷ್ಟೇ ಆಗಿದ್ದರೂ ತಡೆಯಬಹುದಿತ್ತೇನೋ. ಸೂಪರ್‌ವೈಸರ್‌ಗೆ ಇನ್ನೊಂದು ಕೆಲಸವಿರುತ್ತದೆ. ಹುಡುಗಿಯರು ಟ್ಯಾಬಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ ಮಾತುಗಳನ್ನೆಲ್ಲ ಕೇಳಿ, ಪ್ರಶ್ನೆ ಬಿಟ್ಟಿಲ್ಲವೇ, ತಾವೇ ಉತ್ತರ ತುಂಬಿಲ್ಲವೇ ಎಂದು ನೋಡಬೇಕು. ಭಾನುವಾರ ಮಧ್ಯಾಹ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜೋಳ ಹಸನು ಮಾಡುತ್ತ ಕೇಳುತ್ತಿದ್ದೆ. ಅವರಿಬ್ಬರು ತಮ್ಮ ತಮ್ಮ ಮನೆಗಳನ್ನಷ್ಟೇ ಕೇಳಿದರು. ನಾನು ಮೂವರದನ್ನೂ ಕೇಳಿದೆ.

ಅಳು ಬರಲಿಲ್ಲ. ಅದರಿಂದಲೇ ಮೋಸ ಹೋದೆ. ಅಳು ಬಂದಿದ್ದರೆ ಏನೋ ಆಗುತ್ತಿದೆ ಎಂದು ತಿಳಿಯುತ್ತಿತ್ತು. ನನಗೆ ಆದದ್ದು ಬೇರೆ. ನನ್ನ ಮಗಳು ಆಗ ಚೊಚ್ಚಲ ಬಸುರಿ.

ಅವಳನ್ನು ಹೊಳಗುಂದಕ್ಕೆ ಕೊಟ್ಟಿದ್ದೆ. ಒಳ್ಳೆಯ ಮನೆ, ಒಳ್ಳೆಯ ಅತ್ತೆ. ಬೀಗತಿಗೆ ಮಾತು ಕಡಿಮೆ, ಆಡಿದರೆ ಅಳೆದು ಆಡುವ ಹೆಂಗಸು. ಮಗಳಿಗೆ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದವಳು ಬರಬರುತ್ತ ಮೂರು ಸಲ ಮಾಡತೊಡಗಿದೆ. ಒಂದು ಮನೆ ಮುಗಿಸಿ ಜೀಪು ಹತ್ತಿದ ಕೂಡಲೇ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಊಟ ಮಾಡಿದೆಯಾ ಎಂದು ಕೇಳುತ್ತಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ಕೇಳುತ್ತಿದ್ದದ್ದು ತಲೆನೋವು, ಕಣ್ಣು ಮಂಜು, ಕೈಕಾಲು ಬಾವು, ಕೂಸಿನ ಹೊರಳಾಟ. ಅದೂ ಫಾರಂನಲ್ಲಿ ಇರುವ ಸಾಲಿನಲ್ಲೇ. ಅವಳು ಮೊದಮೊದಲು ನಗುತ್ತಿದ್ದಳು, ಆಮೇಲೆ ಹೂಂ, ಇಲ್ಲ, ಹೂಂ ಎಂದು ಉತ್ತರಿಸತೊಡಗಿದಳು. ಬಿಸಿಲಿಗೆ ಬೇಸರವಾಗಿದೆ ಎಂದುಕೊಂಡೆ.

ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ತವರಿಗೆ ಕರೆದುಕೊಂಡು ಬರುವುದು ನಮ್ಮಲ್ಲಿ ಪದ್ಧತಿ. ಚೊಚ್ಚಲ ಹೆರಿಗೆ, ಬಾಣಂತನ ಎರಡೂ ತಾಯಿಮನೆಯದು. ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಉಂಡಿ ಕಟ್ಟಿಕೊಂಡು, ಬರುವಾಗ ಮಗಳಿಗೆ ಒರಗಲು ದಿಂಬು ಹಾಕಿಕೊಂಡು ಜೀಪಿನಲ್ಲಿ ಹೊಳಗುಂದಕ್ಕೆ ಹೋದೆ. ಮನೆಯ ತುಂಬ ಹೆಂಗಸರು. ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು, ಹಾಡಿದರು. ಕಾಲಿಗೆ ಅರಿಸಿನ ಹಚ್ಚುವ ಸರದಿ ನನಗೆ ಬಂತು.

ಬಗ್ಗಿ ಕೂತೆ. ಪಾದ ಹಚ್ಚಿದೆ. ಹಚ್ಚುತ್ತ ಹಚ್ಚುತ್ತ ಕೈ ಮೇಲೆ ಹೋಯಿತು. ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು, ಮನಸ್ಸಿನಲ್ಲೇ ಐದು ಎಣಿಸಿ, ಬಿಟ್ಟೆ. ಒತ್ತಿದ ಜಾಗದಲ್ಲಿ ಗುಳಿ ಬಿದ್ದು ಹಾಗೇ ಉಳಿದರೆ ಮೈಯಲ್ಲಿ ನೀರು ಸೇರಿದೆ ಎಂದು ಲೆಕ್ಕ. ಅರಿಸಿನದ ಮೇಲೆ ನನ್ನ ಬೆರಳಿನ ಗುರುತು ಮೂಡಿತ್ತು. ಗುಳಿಯೋ, ಬರೀ ಅರಿಸಿನವೋ ತಿಳಿಯಲಿಲ್ಲ. ಸೆರಗಿನಿಂದ ಅರಿಸಿನ ಒರೆಸಿ ಮತ್ತೊಮ್ಮೆ ಒತ್ತಿದೆ. ಹಾಡು ನಿಂತಿದ್ದು ನನಗೆ ಕೇಳಲಿಲ್ಲ.

"ಏನ್ರೀ, ಸಂತ್ಯಾಗ ಎಮ್ಮಿ ನೋಡಿದಂಗ ನೋಡಾಕತ್ತೀರಿ, ಮಾರಾಕ ಬಂದೀರೇನು?" ಎಂದು ಪಕ್ಕದ ಮನೆಯ ಹೆಂಗಸೊಬ್ಬಳು ಅಂದಳು. ನಾಲ್ಕು ಜನ ನಕ್ಕರು. ಮಗಳು ನಗಲಿಲ್ಲ. ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಹಚ್ಚಿಸಿಕೊಳ್ಳಬೇಕಾದ ಕಾಲನ್ನು ತಾಯಿಯ ಕೈಯಿಂದ ಎಳೆದುಕೊಳ್ಳುವುದನ್ನು ನಾನು ಯಾವ ಕುಬಸದಲ್ಲೂ ನೋಡಿರಲಿಲ್ಲ.

ಊಟವಾದ ಮೇಲೆ ಬೀಗತಿ ನನ್ನನ್ನು ಒಳಗೆ ಕರೆದಳು.

"ಬೀಗರ, ಸಿಟ್ಟಾಗಬ್ಯಾಡ್ರಿ. ಹುಡುಗೀನ್ನ ಈಗ ಕಳಸಂಗಿಲ್ಲ."

ನನಗೆ ಇದು ವ್ಯಾಪಾರದ ಮೊದಲ ಮಾತು ಅನ್ನಿಸಿತು. ಚೊಚ್ಚಲು ತವರಿನಲ್ಲೇ ಆಗಬೇಕೆಂಬ ಪದ್ಧತಿ ಹೇಳಿದೆ. ಆದೋನಿಯಲ್ಲಿ ಆಸ್ಪತ್ರೆ ಹತ್ತಿರ ಎಂದೆ. ಬೇಕಾದರೆ ಒಂಬತ್ತಕ್ಕೆ ಕಳಿಸಿ ಎಂದು ಎರಡು ತಿಂಗಳು ಬಿಟ್ಟುಕೊಟ್ಟೆ. ಬೀಗತಿ ಎಲ್ಲವನ್ನೂ ಕೇಳಿ, ನನ್ನದೇನೂ ಇಲ್ಲ, ಅವಳನ್ನೇ ಕೇಳಿ ಎಂದು ಮಗಳನ್ನು ಕರೆದಳು. ಮಗಳು ಬಾಗಿಲಿಗೆ ಒರಗಿ ನಿಂತಳು. ಉಡಿಯಲ್ಲಿದ್ದ ಅಕ್ಕಿಯನ್ನು ಇನ್ನೂ ಹಿಡಿದುಕೊಂಡಿದ್ದಳು.

"ನಾ ಬರಂಗಿಲ್ಲ ಅವ್ವಾ. ನಿನ್ನ ಫೋನ್ ಬಂದ್ರ ಎದಿ ಹೊಡಕೊಳ್ತೈತಿ ನನಗ. ಏನ್ ಕೇಳ್ತಿ, ಯಾವುದರ ಹಿಂದ ಯಾವುದು ಕೇಳ್ತಿ ಎಲ್ಲಾ ಬಾಯಿಪಾಠ ಆಗೈತಿ. ಅಲ್ಲಿ ನಿನ್ನ ಮನ್ಯಾಗ ನಾ ಮಕ್ಕೊಂಡ್ರ, ಉಸಿರು ಆಡ್ತೈತೋ ಇಲ್ಲೋ ಅಂತ ನೀ ಬಾಗಲ್ದಾಗ ನಿಂತು ನೋಡ್ತಿ."

ಹಾಗೆ ನಿಂತು ನೋಡುತ್ತೇನೆ ಎಂದು ನನಗೂ ಗೊತ್ತಿತ್ತು.

ಬರುವಾಗ ಜೀಪಿನ ಹಿಂದಿನ ಸೀಟಿನಲ್ಲಿ ದಿಂಬು ಒಂದೇ ಇತ್ತು. ಆದೋನಿಗೆ ಮುಟ್ಟುವವರೆಗೂ ಬೀಗತಿಯ ಮೇಲೆ ಸಿಟ್ಟು, ಅವಳೇ ಕಿವಿ ಕಚ್ಚಿದ್ದಾಳೆ ಎಂಬ ಅನುಮಾನ. ಮನೆಗೆ ಬಂದು ಕೈ ತೊಳೆಯುವಾಗ ಹೆಬ್ಬೆರಳಿನ ಅರಿಸಿನ ಬೇಗ ಹೋಗಲಿಲ್ಲ. ಸಿಟ್ಟು ಆಗ ಇಳಿಯಿತು. ಅದರ ಜಾಗದಲ್ಲಿ ಬಂದದ್ದು ಸಿಟ್ಟಿಗಿಂತ ಕೆಟ್ಟದ್ದು. ಮಗಳು ನನಗೆ ಹೆದರಿದ್ದಾಳೆ. ಯಾವ ಕೆಲಸದಿಂದ ಅವಳನ್ನು ಓದಿಸಿದೆನೋ, ಆ ಕೆಲಸವೇ ಅವಳನ್ನು ನನ್ನಿಂದ ದೂರ ನಿಲ್ಲಿಸಿದೆ. ಹೆರಿಗೆಯ ಹೊತ್ತಿಗೆ ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಾಳೋ ಇಲ್ಲವೋ.

ಮುಂದಿನ ವಾರ ಗೋನೆಗಂಡ್ಲದ ಕಡೆ ಕೆಲಸ. ತಂಡದ ಕಿರಿಯ ಹುಡುಗಿಯ ರೆಕಾರ್ಡಿಂಗುಗಳು ದಿನದಿನಕ್ಕೆ ಗಿಡ್ಡವಾಗುತ್ತಿದ್ದವು. ಕೇಳಿದಾಗ ಒಂದು ಪ್ರಶ್ನೆ ಯಾವುದರಲ್ಲೂ ಇರಲಿಲ್ಲ. ತೀರಿಕೊಂಡವಳು ಕೊನೆಗೆ ಏನು ಹೇಳಿದಳು ಎಂಬ ಪ್ರಶ್ನೆ. ಹಿಂದಿನ ತಿಂಗಳಾಗಿದ್ದರೆ ಎಲ್ಲರ ಮುಂದೆ ಬೈಯುತ್ತಿದ್ದೆ. ಹಿಂದಿನ ತಿಂಗಳು ಬೈದೂ ಇದ್ದೆ. ಈ ಸಲ ಅವಳನ್ನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ, ಮಂಡಕ್ಕಿ ಒಗ್ಗರಣೆ ತರಿಸಿ, ಯಾಕೆ ಬಿಡುತ್ತಿದ್ದೀ ಎಂದು ಕೇಳಿದೆ. ಅವಳು ಮಂಡಕ್ಕಿಯಲ್ಲಿದ್ದ ಮೆಣಸಿನಕಾಯಿಯನ್ನೆಲ್ಲ ಆರಿಸಿ ಒಂದು ಬದಿಗೆ ಇಟ್ಟಳು.

"ಕೇಳಿದ್ರ ಅವ್ರು ಹೇಳ್ತಾರ ಅಕ್ಕಾ. ಹೇಳಿದ್ರ ಅದನ್ನ ನಾನ ಮನಿಗೆ ಒಯ್ಯಬೇಕಲ್ಲ."

ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲವೇ ಎಂದೆ. ಹೇಳಬಾರದು ಎಂದು ಸಹಿ ಮಾಡಿದ್ದೇವಲ್ಲ ಎಂದಳು. ಅದೇ ಉತ್ತರ ನನ್ನದೂ ಆಗಿತ್ತು. ಗಂಡನಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ಮನೆಯವರ ಗುಟ್ಟು ಕಾಪಾಡುತ್ತೇವೆಂದು ಕಾಗದಕ್ಕೆ ಸಹಿ ಹಾಕಿದ ಮೇಲೆ ಆ ಮಾತು ಮಾತೇ.

ಆದರೆ ಕಾಗದದ ವಿಷಯದಲ್ಲಿ ನನಗೊಂದು ಅಭ್ಯಾಸ ಇದೆ. ಸಹಿ ಮಾಡಿದ್ದನ್ನು ಇನ್ನೊಮ್ಮೆ ಓದುತ್ತೇನೆ. ಆ ಸಂಜೆ ಪೆಟ್ಟಿಗೆಯಿಂದ ತೆಗೆದು, ಗೆರೆಗೆರೆಯ ಕೆಳಗೆ ಬೆರಳಿಟ್ಟು ಓದಿದೆ. ಸತ್ತವಳ ಹೆಸರು, ಊರು, ಮನೆಯವರ ಗುರುತು, ಅವರು ಹೇಳಿದ ಸಂಗತಿ, ಇವನ್ನು ಹೊರಗೆ ಹೇಳಬಾರದು. ಸರಿ. ಉತ್ತರ ಕೊಡುವವರು ಅತ್ತರೆ ರೆಕಾರ್ಡಿಂಗ್ ನಿಲ್ಲಿಸಬೇಕು, ನೀರು ಕೊಡಬೇಕು, ಬೇಕಾದರೆ ಇನ್ನೊಂದು ದಿನ ಬರುತ್ತೇವೆ ಎನ್ನಬೇಕು, ಸಲಹೆಗಾರರ ನಂಬರು ಕೊಡಬೇಕು. ಅದೂ ಸರಿ, ಪುಟ ತುಂಬ ಬರೆದಿದ್ದರು. ಪ್ರಶ್ನೆ ಕೇಳುವವಳ ಬಗ್ಗೆ ಹುಡುಕಿದೆ. ಅವಳು ಅತ್ತರೆ ಏನು ಮಾಡಬೇಕು? ಅವಳಿಗೆ ಯಾರ ನಂಬರು? ಒಂದಕ್ಷರ ಇರಲಿಲ್ಲ. ಹೇಳು ಎಂದೂ ಇಲ್ಲ, ಹೇಳಬೇಡ ಎಂದೂ ಇಲ್ಲ.

ಅಲ್ಲಿ ನನಗೆ ದಾರಿ ಕಂಡಿತು. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ. ಆ ಮನೆಯಲ್ಲಿ ಏನು ನಡೆಯಿತು ಎಂಬುದು ಆ ಮನೆಯವರ ಸೊತ್ತು, ಅದನ್ನು ಮುಟ್ಟಬಾರದು. ಅದನ್ನು ಕೇಳಿದ ಮೇಲೆ ನಿಮಗೆ ಏನಾಯಿತು ಎಂಬುದು ನಿಮ್ಮದು. ಅದನ್ನು ಯಾವ ಕಾಗದವೂ ನಿಮ್ಮಿಂದ ಬರೆಸಿಕೊಂಡಿಲ್ಲ.

ಮರುದಿನ ಮೇಡಂಗೆ ಫೋನು ಮಾಡಿದೆ. ಮಗಳ ಮಾತು ಎತ್ತಲಿಲ್ಲ. ಕಾಗದದಲ್ಲಿ ನಮ್ಮ ಬಗ್ಗೆ ಒಂದು ಸಾಲು ಬೇಕು, ದಿನಕ್ಕೆ ಒಂದೇ ಮನೆ ಆಗಬೇಕು, ರೆಕಾರ್ಡಿಂಗ್ ಕೇಳುವ ಕೆಲಸ ಹಂಚಬೇಕು, ನಮಗೂ ಒಂದು ನಂಬರು ಬೇಕು ಎಂದೆ. ನಾಲ್ಕು ಮನೆ ಕೇಳಿದವರು ನೀವೇ ಅಲ್ಲವೇ ಎಂದು ಅವರು ತೆಲುಗಿನಲ್ಲಿ ಅಂದರು. ನಾನೇ ಎಂದೆ. ಹೌದು ಎಂದು ಒಪ್ಪಿಕೊಂಡ ಮೇಲೆ ಚೌಕಾಸಿ ಮಾಡುವುದು ಕಷ್ಟ, ಆದರೂ ಮಾಡಿದೆ. ಆಮೇಲೆ, ನಾವು ಕಳಿಸಿದ್ದನ್ನು ಊಟಕ್ಕೆ ಮೊದಲು ಓದುವುದನ್ನು ತಾವು ಬಿಟ್ಟಿರುವುದಾಗಿ ಹೇಳಿದರು. ಓದಿದರೆ ಊಟ ಇಳಿಯುವುದಿಲ್ಲವಂತೆ. ಇದನ್ನು ಆಫೀಸಿನಲ್ಲಿ ಹೇಳಿದರೆ ಈ ವಿಷಯಕ್ಕೆ ನೀವು ತಕ್ಕವರಲ್ಲ ಎನ್ನುತ್ತಾರೆಂದು ಯಾರಿಗೂ ಹೇಳಿಲ್ಲವಂತೆ. ಅಷ್ಟು ಓದಿದವರು, ನನಗೆ ಹೇಳಿದರು.

ಎರಡು ಮನೆಗೆ ಒಪ್ಪಿದರು. ರೆಕಾರ್ಡಿಂಗ್ ಕೇಳುವುದನ್ನು ಹಂಚಲು ಒಪ್ಪಿದರು. ಶನಿವಾರ ಅರ್ಧ ದಿನ ನಾವು ಮೂವರೂ ಕೂತು ನಮ್ಮ ನಮ್ಮದನ್ನು ಮಾತಾಡಿಕೊಳ್ಳಬಹುದು, ಅದನ್ನೂ ಕೆಲಸವೆಂದೇ ಬರೆಯಬಹುದು ಎಂದರು. ನಂಬರು ಮತ್ತು ಕಾಗದದ ಸಾಲು ಮುಂದಿನ ಅಧ್ಯಯನಕ್ಕೆ ನೋಡೋಣ ಎಂದರು. ಮುಂದಿನದು ಎಂದರೆ ಏನೆಂದು ನನಗೆ ಗೊತ್ತು. ಸೀರೆ ವ್ಯಾಪಾರದಲ್ಲಿ ನಾನೂ ಆ ಮಾತನ್ನು ಬಹಳ ಸಲ ಹೇಳಿದ್ದೇನೆ.

ಮೊದಲ ಶನಿವಾರ ನಮ್ಮ ಮನೆಯ ಪಡಸಾಲೆಯಲ್ಲಿ ಕೂತೆವು. ಚಹಾ ಕುಡಿದೆವು. ಆಮೇಲೆ ಕಿರಿಯ ಹುಡುಗಿ ಶುರು ಮಾಡಿದಳು. ಯಾವ ಮನೆ, ಯಾವ ಊರು ಎಂದು ಹೇಳಲಿಲ್ಲ. ಕೊಡ ತುಂಬಿ ಹರಿದರೂ ನಲ್ಲಿ ನಿಲ್ಲಿಸುವುದು ಮರೆಯುತ್ತೇನೆ, ತಂಗಿಯ ಮದುವೆ ಮಾತು ಬಂದರೆ ಎದ್ದು ಹೋಗುತ್ತೇನೆ ಎಂದಳು. ನಾನು ತಕ್ಷಣ, ಹಾಗಾದರೆ ಬೆಳಿಗ್ಗೆ ಎದ್ದು ಒಂದು ಲೋಟ ಎಂದು ಏನೋ ಹೇಳಲು ಹೋದೆ.

"ಅಕ್ಕಾ, ಬುದ್ಧಿ ಹೇಳಬ್ಯಾಡ. ಕೇಳು, ಸಾಕು."

ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಜೀಪಿಲ್ಲದೆ ನಂದವರಂ ಊರಿಗೆ ನಡೆದು ಹೋದಷ್ಟು ಕಷ್ಟವಾಯಿತು. ಆದರೂ ಕೂತೆ. ಇಬ್ಬರೂ ಮಾತಾಡಿದರು. ನನ್ನ ಸರದಿ ಬಂದಾಗ ನಾನು ಸೂಪರ್‌ವೈಸರ್, ನನ್ನದೇನಿದೆ ಎಂದು ಲೋಟ ಎತ್ತಿಕೊಂಡು ಒಳಗೆ ಹೋದೆ. ಇಷ್ಟೆಲ್ಲ ಹೋರಾಡಿ ಪಡೆದುಕೊಂಡ ಶನಿವಾರದಲ್ಲಿ ನಾನು ಮಾತ್ರ ಏನೂ ಇಡಲಿಲ್ಲ. ಮೇಲಿರುವವರು ಮಾಡುವ ತಪ್ಪು ಇದು, ನೀವು ಮಾಡಬೇಡಿ.

ಕೊನೆಗೆ ನನ್ನ ಮಾತು ಹೊರಬಂದದ್ದು ಬೀಗತಿಯ ಅಡುಗೆಮನೆಯಲ್ಲಿ. ಎಂಟು ತುಂಬಿದ ಮೇಲೆ ಮಗಳನ್ನು ನೋಡುವ ನೆಪದಲ್ಲಿ ಹೊಳಗುಂದಕ್ಕೆ ಹೋಗಿದ್ದೆ. ಮಗಳು ಮಾತಾಡಿಸಿದಳು, ಆದರೆ ಕಾಲು ಮಡಚಿ ಸೀರೆಯೊಳಗೇ ಇಟ್ಟುಕೊಂಡು ಕೂತಳು. ಅದನ್ನು ನೋಡಲಾರದೆ ಎದ್ದು ಒಳಗೆ ಹೋದೆ. ಬೀಗತಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕ ಕೂತು, ಕುಬಸದ ದಿನ ನಾನು ಯಾಕೆ ಹಾಗೆ ಮಾಡಿದೆ ಎಂದು ಹೇಳಿದೆ. ಯಾವ ಮನೆಯ ಕಥೆಯನ್ನೂ ಹೇಳಲಿಲ್ಲ. ನನಗೆ ಆದದ್ದನ್ನಷ್ಟೇ ಹೇಳಿದೆ. ಎಲ್ಲಿ ಬಸುರಿಯನ್ನು ಕಂಡರೂ ಕಣ್ಣು ಮೊದಲು ಕಾಲಿಗೆ ಹೋಗುತ್ತದೆ ಎಂದೆ. ಮಗಳ ಮುಖ ನೆನೆದರೆ ನಗುವ ಮುಖ ಬರುವುದಿಲ್ಲ ಎಂದೆ.

ಬೀಗತಿ ರೊಟ್ಟಿ ತಿರುವಿ ಹಾಕಿ ಕೇಳಿದಳು. "ದಿನಕ್ಕ ಎಷ್ಟ್ ಮನಿಗೆ ಹೋಗ್ತೀರಿ?"

"ಈಗ ಎರಡು. ಮೊದಲು ನಾಕು."

ಅವಳ ಕೈ ಹಿಟ್ಟಿನ ಮೇಲೆಯೇ ನಿಂತಿತು. "ಸತ್ತ ಮನಿ, ನಾಕು? ಒಂದ ದಿನಕ್ಕ?" ಹಂಚಿನ ಮೇಲಿನ ರೊಟ್ಟಿ ಇಳಿಸಿ ಅಂದಳು, "ಮಾತಾಡ್ಸಾಕ ಹೋದ್ರ ಸೀದಾ ಮನಿಗೆ ಬಂದು, ನೀರು ಹಾಕ್ಕೊಂಡು, ಒಂದೀಟು ಸುಮ್ಮನ ಕುಂದ್ರಬೇಕು. ಆವತ್ತು ಇನ್ನೊಬ್ಬರ ಬಾಗಲ ದಾಟಂಗಿಲ್ಲ. ಇದು ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ನನ್ನ ಅವ್ವ ಹಾಗೇ ಮಾಡುತ್ತಿದ್ದಳು, ನಾನೂ ಬಳಗದ ಸಾವಿಗೆ ಹೋದರೆ ಹಾಗೇ ಮಾಡುತ್ತೇನೆ. ಮೈಲಿಗೆ ಎಂದು ಮಾಡುತ್ತೇವೆ ಎಂದುಕೊಂಡಿದ್ದೆ. ಮೈಲಿಗೆ ನಾನು ನಂಬುವುದಿಲ್ಲ, ಅದರಿಂದ ಕೆಲಸಕ್ಕೆ ಅದು ಬೇಡ ಎಂದು ಬಿಟ್ಟಿದ್ದೆ. ಆ ಸುಮ್ಮನೆ ಕೂರುವುದು ಯಾರಿಗಾಗಿ ಎಂದು ಯೋಚಿಸಿರಲಿಲ್ಲ. ಹೈದರಾಬಾದಿನ ಮೇಡಂಗೆ ಇದು ತಿಳಿಯದಿದ್ದರೆ ತಪ್ಪಿಲ್ಲ. ಎರಡು ಮನೆ ಹೆಚ್ಚೇ ಆಯಿತು ಎಂದು ಅವರಿಗೆ ಹೇಳಬೇಕಾದವಳು ನಾನು. ಇಲ್ಲೇ ಹುಟ್ಟಿ, ಇಲ್ಲೇ ಅತ್ತು, ಎಲ್ಲ ತಿಳಿದವಳು ನಾಲ್ಕು ಎಂದು ಹಟ ಹಿಡಿದಿದ್ದೆ.

ಬೀಗತಿ ನನಗೆ ಬಿಸಿನೀರು ಕಾಯಿಸಿ ಕೊಟ್ಟಳು. ಮೈಮೇಲೆ ಹಾಕಿಕೊಂಡು ಬಂದೆ. ಹುಡುಗಿ ಹೆರಿಗೆಯವರೆಗೆ ಇಲ್ಲೇ ಇರಲಿ, ನೀವು ಬೇಕೆಂದಾಗ ಬನ್ನಿ, ಬಂದವರು ಮೊದಲು ನೀರು ಹಾಕಿಕೊಳ್ಳಿ, ಏನೂ ಕೇಳಬೇಡಿ ಎಂದಳು. ನಾನು ಒಂದೇ ಒಂದನ್ನು ಕೇಳಿದೆ. ಒಂಬತ್ತು ತುಂಬಿದ ಮೇಲೆ ಆದೋನಿಯ ಆಸ್ಪತ್ರೆಗೆ ಮುಂಚೆಯೇ ಸೇರಿಸಬೇಕು, ನೋವು ಬರಲಿ ಎಂದು ಕಾಯಬಾರದು. ಅವಳು ಒಪ್ಪಿದಳು. ಆ ಒಂದು ಮಾತನ್ನು ಬಿಟ್ಟುಕೊಡಲು ನನ್ನಿಂದ ಆಗುತ್ತಿರಲಿಲ್ಲ, ಈಗಲೂ ಬಿಡಬೇಡಿ ಎಂದೇ ಎಲ್ಲ ತಾಯಂದಿರಿಗೂ ಹೇಳುತ್ತೇನೆ.

ಹೆರಿಗೆ ಒಂದು ಮಧ್ಯಾಹ್ನ ಆಯಿತು. ಒಳಗೆ ಬೀಗತಿ ಇದ್ದಳು, ನಾನು ಹೊರಗಿನ ಬೆಂಚಿನ ಮೇಲೆ. ಅಳಿಯ ಬಂದು ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಸಕ್ಕರೆ ಕೊಟ್ಟ. ಬಾಯಿಗೆ ಹಾಕಿಕೊಂಡೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಏನೂ ಬಿಚ್ಚಿಕೊಳ್ಳಲಿಲ್ಲ. ಯಾಕೆಂದರೆ ಹೆರಿಗೆಯಾದ ಮೇಲೆ ನಲವತ್ತೆರಡು ದಿನದೊಳಗೆ ಆದ ಸಾವೂ ನಮ್ಮ ಅಧ್ಯಯನದಲ್ಲಿ ಬರುತ್ತದೆ. ತೊಟ್ಟಿಲಿಗೆ ಹಾಕಿ, ಹೆಸರಿಟ್ಟು, ಬಳಗ ಊಟ ಮಾಡಿ ಹೋದ ಮೇಲೆ ಹೋದವರ ಮನೆಗಳಿಗೂ ನಾನು ಹೋಗಿದ್ದೇನೆ.

ತೊಟ್ಟಿಲ ದಿನ ಹೊಳಗುಂದದಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಗೋಡೆಗೆ ಒರಗಿ ಬೆರಳು ಮಡಚುತ್ತಿದ್ದೆ. ಹೆಂಗಸರು ಹೋದ ಮೇಲೆ ಮಗಳು ಕರೆದಳು.

"ಏನ್ ಎಣಿಸಾಕತ್ತಿದ್ದಿ?"

ಹೇಳಬಾರದು ಎಂದುಕೊಂಡೆ. ಹೇಳದೆ ಇಟ್ಟುಕೊಂಡು ಕೆಟ್ಟದ್ದನ್ನೂ ನೋಡಿದ್ದೆ. ನಲವತ್ತೆರಡರ ವಿಷಯ ಹೇಳಿದೆ. ಇಷ್ಟು ದಿನ ಕಳೆದಿವೆ, ಇಷ್ಟು ಉಳಿದಿವೆ ಎಂದೆ. ಅವಳು ಹೆದರುತ್ತಾಳೆಂದು ನಾನು ಹೆದರಿದ್ದೆ. ಅವಳು ಕೂಸಿನ ಕಿವಿಯ ಹಿಂದಿನ ಎಣ್ಣೆ ಒರೆಸಿದಳು.

"ಇದನ್ನ ಒಬ್ಬಾಕಿನ ಇಟ್ಕೊಂಡು ತಿರುಗಾಕತ್ತಿದ್ದೇನು?" ಎಂದಳು. ಆಮೇಲೆ, "ರಜಾ ಹಾಕು. ನಲವತ್ತೆರಡು ಮುಗಿಯೋ ತನಕ ಇಲ್ಲೇ ಇರು. ಆದ್ರ ದಿನಕ್ಕ ಒಂದ ಪ್ರಶ್ನಿ. ನಾ ಖರೇ ಉತ್ತರಾ ಕೊಡ್ತೀನಿ. ಮುಗೀತಂದ್ರ ಮುಗೀತು."

ಮೂರು ಎಂದೆ. ಒಂದು ಎಂದಳು. ಬೆಳಿಗ್ಗೆ ಒಂದು, ಸಂಜೆ ಒಂದು ಎಂದೆ. ಅವಳು ಕೂಸನ್ನು ನೋಡುತ್ತ ಸುಮ್ಮನಿದ್ದಳು. ಎದುರಿನವರು ಸುಮ್ಮನಾದರೆ ಇನ್ನು ಇಳಿಯುವುದಿಲ್ಲ ಎಂದು ಅರ್ಥ. ಅದನ್ನು ಅವಳಿಗೆ ಕಲಿಸಿದವಳು ನಾನೇ. ಒಂದಕ್ಕೆ ಒಪ್ಪಿದೆ.

ಕೆಲಸಕ್ಕೆ ರಜೆ ಬರೆದುಕೊಟ್ಟೆ. ನಮ್ಮ ಶನಿವಾರದ ಕೂಟಕ್ಕೆ ಮಾತ್ರ ಬಸ್ಸು ಹತ್ತಿ ಹೋಗಿ ಬರುತ್ತೇನೆ. ಈಗ ಅಲ್ಲಿ ನನ್ನದನ್ನೂ ಹೇಳುತ್ತೇನೆ. ಇದನ್ನು ಬರೆಯುತ್ತಿರುವ ಈ ಹೊತ್ತು ಇಪ್ಪತ್ತೊಂಬತ್ತನೆಯ ದಿನ. ಇವತ್ತಿನ ಪ್ರಶ್ನೆಯನ್ನು ಮಧ್ಯಾಹ್ನದವರೆಗೆ ಉಳಿಸಿಕೊಳ್ಳಬೇಕು ಎಂದುಕೊಂಡಿದ್ದೆ, ಆಗಲಿಲ್ಲ. ಅವಳು ಏಳುವಾಗ ಗೋಡೆ ಹಿಡಿದಳು. ತಲೆ ತಿರುಗಿತೇ ಎಂದು ಕೇಳಿಬಿಟ್ಟೆ. ಇಲ್ಲ, ಕಾಲು ಜೋಮು ಹಿಡಿದಿತ್ತು ಎಂದಳು. ನಂಬಿದೆನೋ ಇಲ್ಲವೋ, ಪ್ರಶ್ನೆ ಮುಗಿಯಿತು. ಬೀಗತಿ ಹಂಡೆಯ ನೀರು ಕಾದಿದೆ ಎಂದು ಕೂಗಿದಳು. ಕಾಲು ನೀಡಿ ಕೂತು ಕೂಸನ್ನು ಮೇಲೆ ಹಾಕಿಕೊಂಡೆ. ಮಗಳು ಎದುರಿಗೆ ಬಂದು ಕೂತು, ತನ್ನ ಕಾಲನ್ನೂ ಬಿಸಿಲಿಗೆ ಚಾಚಿದಳು. ನಾನು ಅದರ ಕಡೆ ನೋಡದೆ ಕೂಸಿಗೆ ಎರೆಯತೊಡಗಿದೆ. ಇನ್ನೂ ಹದಿಮೂರು ದಿನ ಇವೆ.